ಹತ್ತು ಫೋನಿನ ಷರತ್ತು

ಡೊಂಬಿವಲಿಯ ನಮ್ಮ ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಕನ್ನಡ ಬಂದ ಮೊದಲ ಭಾನುವಾರದ ಕತೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹತ್ತು ಫೋನ್ ಬಂದವು ಎಂದೇ ಹೇಳುತ್ತಿದ್ದೆ. ಮೊನ್ನೆ ಆ ವರ್ಷದ ದಿನಚರಿ ತೆಗೆದರೆ ನನ್ನದೇ ಅಕ್ಷರದಲ್ಲಿದೆ: ಒಂದು.

ನಾನಾಗ ಎಂ.ಎ. ಓದುತ್ತಿದ್ದೆ. ಚಾನೆಲ್ ನಡೆಸುತ್ತಿದ್ದ ಕೇಬಲ್ ದಾದಾನ ಬೆನ್ನುಬಿದ್ದು ಅಮ್ಮ ಕನ್ನಡ ಕಾರ್ಯಕ್ರಮಕ್ಕೆ ಭಾನುವಾರ ಬೆಳಗಿನ ಅರ್ಧ ಗಂಟೆ ಗಿಟ್ಟಿಸಿದ್ದಳು. ಅಮ್ಮನನ್ನು ಚಿಕ್ಕಮ್ಮನಂತೆ ಕಾಕೂ ಎಂದು ಕರೆಯುತ್ತಿದ್ದ ಅವನ ಷರತ್ತು ಒಂದೇ: "ಕಾಕೂ, ನೋಡಿದವರ ಹತ್ತು ಫೋನ್ ಬರಬೇಕು. ಇಲ್ಲಾಂದ್ರೆ ಮುಂದಿನ ವಾರ ಮತ್ತೆ ಸೀರೆ ಸೇಲಿನ ಜಾಹೀರಾತು."

ನಿರೂಪಣೆ ಅಮ್ಮನದು, ಬರವಣಿಗೆ ನನ್ನದು. 'ಸಾದರಪಡಿಸುತ್ತಿದ್ದೇವೆ' ಎಂದು ಬರೆದುಕೊಟ್ಟೆ. "ಇದನ್ನು ಬಾಯಲ್ಲಿ ಯಾರು ಹೇಳ್ತಾರೆ ಮಾರಾಯ್ತಿ?" ಎಂದು ಹೊಡೆದುಹಾಕಿದಳು. ವಾರವಿಡೀ ಫ್ರಿಜ್ಜಿಗೆ ನಮಸ್ಕಾರ ಹೇಳಿ ಅಭ್ಯಾಸ ಮಾಡಿದಳು.

ಭಾನುವಾರ ದಾದಾನ ಕೋಣೆಯಲ್ಲಿ ಒಂದು ಕ್ಯಾಮೆರಾ, ಒಂದು ಫೋನ್. ಮೆಟ್ಟಿಲ ತುಂಬ ನಮ್ಮವರು! ಭಜನೆ ಮಂಡಳಿಯ ಹೆಂಗಸರು, ಅವರ ಗಂಡಂದಿರು, ಹೋಟೆಲಿಗೆ ರಜೆ ಹಾಕಿ ಬಂದವರು. ಅಮ್ಮ ತಡವರಿಸದೆ ಮಾತಾಡಿದಳು, ಹಾಡೂ ಆಯಿತು. ಫೋನ್ ಮಾತ್ರ ತೆಪ್ಪಗಿತ್ತು.

"ನೋಡೋರೆಲ್ಲ ಇಲ್ಲೇ ನಿಂತಿದ್ದಾರೆ," ಎಂದ ದಾದಾ. "ಫೋನ್ ಯಾರು ಮಾಡ್ತಾರೆ ಕಾಕೂ, ನಿಮ್ಮ ಫ್ರಿಜ್ಜಾ?"

ಫ್ರಿಜ್ಜಿನ ಸಂಗತಿ ಅವನಿಗೆ ಗೊತ್ತಿತ್ತೇ, ಅಥವಾ ಈ ಮಾತನ್ನೂ ನಾನೇ ಆಮೇಲೆ ಸೇರಿಸಿದೆನೇ? ದಿನಚರಿಯಲ್ಲಿ ಇಲ್ಲ. ಎಲ್ಲರೂ ನಕ್ಕರು ಎಂದಷ್ಟೇ ಇದೆ. ಅಮ್ಮ ನಗಲಿಲ್ಲ.

ಕೊನೆಯ ನಿಮಿಷದಲ್ಲಿ ಫೋನ್ ಬಡಿದುಕೊಂಡಿತು. ನಮ್ಮ ಪಕ್ಕದ ಮನೆಯ ಮರಾಠಿ ಆಜಿ. ಅಮ್ಮನಿಗೆ ಹೇಳಿದಳಂತೆ: "ಒಂದಕ್ಷರವೂ ತಿಳಿಯಲಿಲ್ಲ. ಆದರೆ ನೀನು ಚಂದ ಕಾಣ್ತೀಯ, ನಿಲ್ಲಿಸಬೇಡ."

ದಾದಾ ತಲೆ ಕೆರೆದುಕೊಂಡ. "ಭಾಷೆ ಬಾರದವಳೇ ಕೂತು ನೋಡಿದಳಲ್ಲ! ಇನ್ನೊಂದು ಭಾನುವಾರ ತಗೊಳ್ಳಿ. ಆದರೆ ಹತ್ತು ಅಂದ್ರೆ ಹತ್ತು."

ಅಮ್ಮ ಮೆಟ್ಟಿಲ ಕಡೆ ತಿರುಗಿದಳು. "ಮುಂದಿನ ವಾರ ಹಾಡುವವರು ಮಾತ್ರ ಬನ್ನಿ. ಉಳಿದವರು ಮನೆಯಲ್ಲಿ ಟಿವಿ ಮುಂದೆ." ಆಮೇಲೆ ನನ್ನ ಕಡೆ: "ನೀನೂ."

ಹಾಗಾಗಿ ಎರಡನೆಯ ಭಾನುವಾರ ಆಜಿಯ ಪಕ್ಕ ಕೂತು ನಂಬರ್ ಒತ್ತಿದೆ. ಎಂಗೇಜ್. ಮತ್ತೆ ಒತ್ತಿದೆ. ಎಂಗೇಜ್.

"ಲಾಗತ್ ನಾಹೀ ಕಾ?" ಎಂದಳು ಆಜಿ.

"ಇಲ್ಲ ಆಜಿ, ಸಿಗ್ತಾನೇ ಇಲ್ಲ," ಎಂದು ಕನ್ನಡದಲ್ಲೇ ಕೂಗಿದೆ. ಟಿವಿಯಲ್ಲಿ ಅಮ್ಮ ಮಾತಿನ ನಡುವೆ ಫೋನಿದ್ದ ಮೂಲೆಯತ್ತ ಕಣ್ಣು ಹೊರಳಿಸಿ, ನಗು ತಡೆಯಲಾಗದೆ, ನಾನು ಬರೆದುಕೊಟ್ಟ ಸಾಲನ್ನು ಪೂರ್ತಿ ಮರೆತುಬಿಟ್ಟಳು.