ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ

ಕೆಲಸ ಆಗಬೇಕಾದರೆ ಕತ್ತೆ ಕಾಲಾದರೂ ಹಿಡಿ ಅನ್ನುತ್ತಾರೆ. ಹಾಗೆ ಹಿಡಿದವರು ಯಾರೂ ಇಷ್ಟಪಟ್ಟು ಹಿಡಿದದ್ದಲ್ಲ. ಮಂಡಿಯಣ್ಣನ ವಿಷಯ ಬೇರೆ. ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲು ಹಿಡಿದೇ ಅವನ ತಲೆ ನೆರೆತಿತ್ತು, ಅದರಷ್ಟು ಇಷ್ಟವಾದದ್ದು ಅವನಿಗೆ ಇನ್ನೊಂದಿರಲಿಲ್ಲ. ಉಳಿದವರು ಸ್ಟೂಲಿನ ಮೇಲೆ ಕೂತು ಬಗ್ಗಿದರೆ, ಇವನು ನೆಲಕ್ಕೇ ಮಂಡಿಯೂರಿ ಗಿರಾಕಿಯ ಹಿಮ್ಮಡಿಯನ್ನು ಅಂಗೈಯಲ್ಲಿ ತೆಗೆದುಕೊಳ್ಳುತ್ತಿದ್ದ. ಅದಕ್ಕೇ ಆ ಹೆಸರು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಖಾಲಿ ಡಬ್ಬಗಳ ನಡುವೆ ಊಟಕ್ಕೆ ಕೂತಾಗ ಒಮ್ಮೆ ಮಾತು ಬಂತು: ಈ ಕೆಲಸದಲ್ಲಿ ಯಾರಿಗೆ ಏನು ಇಷ್ಟ, ಏನು ಕಷ್ಟ?

"ಇಷ್ಟ ಅಂದ್ರೆ ಸಂಬಳ, ಕಷ್ಟ ಅಂದ್ರೆ ಕಾಲುಚೀಲದ ವಾಸನೆ," ಎಂದ ಜೊತೆಯ ಸೇಲ್ಸ್‌ಮನ್ ದಡಿಯ. "ಸಂಬಳ ದಾರೀಲೇ ಖಾಲಿ ಆಗುತ್ತೆ ಅಣ್ಣ, ವಾಸನೆ ಮಾತ್ರ ಮನೇವರೆಗೂ ಬರುತ್ತೆ."

"ನನಗೆ ರಾತ್ರಿ ಶಟರ್ ಎಳೆಯೋ ಸದ್ದು ಇಷ್ಟ," ಎಂದಳು ಗಲ್ಲಾದಲ್ಲಿ ಕೂರುವ ಅಕ್ಕ.

ಮಂಡಿಯಣ್ಣ ನಕ್ಕು ಊಟ ಮುಂದುವರಿಸಿದ. ಅವನಿಗೆ ಇಷ್ಟವಾದದ್ದನ್ನು ಹೇಳಿದರೆ ಹುಡುಗಾಟ ಅನ್ನಿಸುತ್ತಿತ್ತು. ಹಿಮ್ಮಡಿ ಶೂ ಒಳಗೆ ಜಾರಿ ಸರಿಯಾಗಿ ಕೂತಾಗ, ಮೇಲೆ ಗಿರಾಕಿಯ ಮುಖ ಬಿಗಿ ಬಿಡುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕಾಲಲ್ಲಿ ಶೂ ಇರುವುದೇ ಮರೆತುಹೋಗುತ್ತದೆ. ಆ ಮುಖ ನೋಡುವುದಕ್ಕಾಗಿಯೇ ಅವನು ಬೆಳಿಗ್ಗೆ ಅಂಗಡಿಗೆ ಬರುತ್ತಿದ್ದ. ಬೇಡವಾದವು ಎರಡು: ಮೇಲಿನ ಸಾಲಿಗೆ ಹತ್ತುವ ಏಣಿ, ಮತ್ತು ಸರಿಯಾದ ಸೈಜು ಸಿಗದಾಗ ಈ ವ್ಯಾಪಾರದವರೆಲ್ಲ ಹೇಳುವ ಒಂದು ಮಾತು, "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ." ಗಿರಾಕಿಯನ್ನು ಬರಿಗೈಲಿ ಕಳಿಸಿದ್ದಾನೆಯೇ ಹೊರತು ಆ ಮಾತನ್ನು ಅವನು ಆಡಿದವನಲ್ಲ. ಆಡಿದ ದಡಿಯನನ್ನು ಬೈದೂ ಇದ್ದ.

ಈಗ ಮಂಡಿಗಳೇ ಕೈಕೊಟ್ಟಿದ್ದವು. ಹಲ್ಲು ಕಚ್ಚಿದರೆ ಕೂರಬಹುದು, ಏಳುವುದು ಮಾತ್ರ ಆಗದು. ಅದಕ್ಕೆ ದಡಿಯನೇ ಉಪಾಯ ಮಾಡಿದ್ದ. ಮಂಡಿಯಣ್ಣ ಕೂತ ಕಡೆ ಏನೋ ಮಾತಿದ್ದವನಂತೆ ಬಂದು, ಹೆಗಲಿಗೆ ಕೈ ಹಾಕುವ ನೆಪದಲ್ಲಿ ಎತ್ತಿ ನಿಲ್ಲಿಸುತ್ತಿದ್ದ. ಏಣಿಯನ್ನೂ ಅವನೇ ಹತ್ತುತ್ತಿದ್ದ. ಈಗ ಅಂಗಡಿ ನೋಡಿಕೊಳ್ಳುವ ಸಣ್ಣ ಯಜಮಾನನಿಗೆ ತಿಳಿದರೆ ಕೆಳಗಿನ ಗೋದಾಮೇ ಗತಿ. ಕಿಟಕಿಯಿಲ್ಲದ ಕೋಣೆಯಲ್ಲಿ ಡಬ್ಬಗಳಿಗೆ ಬೆಲೆಚೀಟಿ ಅಂಟಿಸುವ ಕೆಲಸ.

"ಕೂರೋಕೆ ಕುರ್ಚಿ ಕೊಡ್ತಾರಲ್ಲ ರೀ, ಹೋಗಬಾರದಾ?" ಎಂದಿದ್ದಳು ಹೆಂಡತಿ, ಮಂಡಿಗೆ ಎಣ್ಣೆ ತಿಕ್ಕುತ್ತ.

"ಅಲ್ಲಿ ಜನ ಬರಲ್ಲ ಕಣೇ. ಬರೀ ಡಬ್ಬ."

"ಡಬ್ಬ ಆದ್ರೆ ಬಯ್ಯೋದಿಲ್ಲ, ಒದೆಯೋದೂ ಇಲ್ಲ. ಒಳ್ಳೇದೇ ಆಯ್ತು."

ಅವನಿಗೆ ನಗು ಬರಲಿಲ್ಲ. ಆ ಕೋಣೆಯನ್ನು ನೆನೆದರೆ ಸಾಕು, ಬದುಕಿದ್ದಾಗಲೇ ಮುಚ್ಚಳ ಹಾಕಿಸಿಕೊಂಡಂತಾಗುತ್ತಿತ್ತು.

ದಡಿಯ ತನ್ನ ಹೆಂಡತಿಯ ಹೆರಿಗೆಗೆಂದು ರಜೆ ಹಾಕಿದ ದಿನ ಒಬ್ಬ ಹುಡುಗಿ ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ದಿನವಿಡೀ ನಿಂತಿರಬೇಕು, ಕಪ್ಪು ಶೂ ಬೇಕು ಎಂದಳು. ಮಂಡಿಯಣ್ಣ ಐದು ನಂಬರು ಹಾಕಿದ. ಹಿಮ್ಮಡಿ ಹಿಡಿಯಿತು. ಆರು ಬೇಕಿತ್ತು, ಅದು ಮೇಲಿನ ಸಾಲಿನಲ್ಲಿತ್ತು. ಬೆಂಚು ಹಿಡಿದು ಹೇಗೋ ಎದ್ದು ಏಣಿಯ ಹತ್ತಿರ ಹೋದ. ಎರಡನೇ ಮೆಟ್ಟಿಲಿಗೆ ಮಂಡಿ ಕಡಿದುಕೊಂಡು ಬಿದ್ದಂತಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, "ಈ ಏಣಿ ಸರಿಯಿಲ್ಲ," ಎಂದು ಗೊಣಗಿ ಇಳಿದ. ಗಾಜಿನ ಕೋಣೆಯಿಂದ ಸಣ್ಣ ಯಜಮಾನ ತಲೆಯೆತ್ತಿ ನೋಡಿದ.

"ಸ್ವಲ್ಪ ಬಿಗಿ ಅಲ್ವಾ ಅಂಕಲ್?"

"ಹಾಕ್ತಾ ಹಾಕ್ತಾ ಸಡಿಲ ಆಗುತ್ತಮ್ಮ."

ಮಾತು ಬಾಯಿಂದ ಬಿದ್ದೇ ಹೋಗಿತ್ತು. ಹುಡುಗಿ, "ನೀವೇ ಹೇಳಿದ್ಮೇಲೆ ಇನ್ನೇನು," ಎಂದು ನಗುತ್ತ ಹೋದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆ ದಿನ ಅವನಿಗೆ ಊಟ ಸೇರಲಿಲ್ಲ.

ವಾರ ಕಳೆದು ಅವಳು ತಿರುಗಿ ಬಂದಳು. ಕಾಲಲ್ಲಿ ರಬ್ಬರ್ ಚಪ್ಪಲಿ, ಕೈಯಲ್ಲಿ ಶೂ ಡಬ್ಬ. ಎರಡೂ ಹಿಮ್ಮಡಿಗೆ ಪಟ್ಟಿ. ಕುಂಟುತ್ತ ನೇರ ಸಣ್ಣ ಯಜಮಾನನ ಮುಂದೆ ನಿಂತಳು.

"ಹಾಕಿದ್ದನ್ನ ವಾಪಸ್ ತಗೊಳ್ಳಲ್ಲಮ್ಮ. ನೀವೇ ನೋಡಿ ತಗೊಂಡಿದ್ದು," ಎಂದ ಅವನು.

"ಸಡಿಲ ಆಗುತ್ತೆ ಅಂತ ಆ ಅಂಕಲ್ ಹೇಳಿದ್ರು. ಕುಂಟ್ತೀಯಾ ಅಂತ ಮೊದಲನೇ ವಾರವೇ ಎಲ್ಲರ ಎದುರಿಗೆ ಬೈಸಿಕೊಂಡೆ."

ಯಜಮಾನ ನಕ್ಕ. "ಯಾರು, ನಮ್ಮ ಮಂಡಿಯಣ್ಣನಾ? ನಮ್ಮ ತಾತನ ಕಾಲದಿಂದ ಇದ್ದಾರೆ. ಪ್ರಾಣ ಹೋದ್ರೂ ಆ ಮಾತು ಹೇಳೋರಲ್ಲ. ಬೇರೆ ಅಂಗಡಿ ಇರಬೇಕು, ನೆನಪು ಮಾಡ್ಕೊಳ್ಳಿ."

ಹುಡುಗಿಯ ಮುಖ ಕಪ್ಪಿಟ್ಟಿತು. ಅಂಗಡಿಯಲ್ಲಿದ್ದವರೆಲ್ಲ ಅವಳೇ ಸುಳ್ಳು ಹೇಳುತ್ತಿದ್ದಾಳೆ ಎಂಬಂತೆ ನೋಡಿದರು. ದಡಿಯ ಮಂಡಿಯಣ್ಣನ ತೋಳು ಚಿವುಟಿ, "ಸುಮ್ಮನಿರಿ ಅಣ್ಣ, ಹೋಗ್ತಾಳೆ," ಎಂದು ಪಿಸುಗುಟ್ಟಿದ. ಸುಮ್ಮನಿದ್ದರೆ ನಿಜಕ್ಕೂ ಹೋಗುತ್ತಿದ್ದಳು. ಬಾಯಿ ಬಿಟ್ಟರೆ ಗೋದಾಮು. ಮಂಡಿಯಣ್ಣ ಇಷ್ಟು ವರ್ಷ ಜೋಪಾನ ಮಾಡಿದ ಮಾನವನ್ನೇ ತೆಗೆದು ಆ ಹುಡುಗಿಯ ಮುಖಕ್ಕೆ ಹೊಡೆಯುತ್ತಿದ್ದರು.

"ನಾನೇ ಹೇಳಿದ್ದು," ಎಂದ.

"ಯಾಕೆ? ಆರು ನಂಬರು ಇತ್ತಲ್ಲ?" ಯಜಮಾನ ಡಬ್ಬದ ಮೇಲಿನ ನಂಬರು ನೋಡಿ ಕೇಳಿದ.

"ಮೇಲಿತ್ತು. ನನ್ನ ಕೈಲಿ ಹತ್ತೋಕಾಗಲ್ಲ. ಆಗ್ದೇ ತುಂಬ ದಿನ ಆಯ್ತು."

ದಡಿಯ ತಲೆತಗ್ಗಿಸಿ ಏಣಿ ಹತ್ತಿ ಆರು ನಂಬರು ತಂದ. ಮಂಡಿಯಣ್ಣ ಹುಡುಗಿಯ ಮುಂದೆ ಮಂಡಿಯೂರಿದ. ಮುಲುಕು ಬಾಯಿಂದ ಬಂದೇಬಿಟ್ಟಿತು, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಪಟ್ಟಿಗೆ ತಾಗದಂತೆ ನಿಧಾನವಾಗಿ ಹಿಮ್ಮಡಿಯನ್ನು ಒಳಗೆ ಇಳಿಸಿದ. "ತಪ್ಪಾಯ್ತು ತಾಯಿ," ಎಂದ.

"ನಿಮ್ಮನ್ನ ನಂಬಿದ್ದೆ ಅಂಕಲ್," ಎಂದಳು ಅವಳು. ಎದ್ದು ನಡೆದಳು. ಶೂ ಸರಿಯಾಗಿತ್ತು. ಆದರೆ ಅವನು ಕಾಯುತ್ತಿದ್ದ ಆ ಮುಖವನ್ನು ಅವಳು ಅವನ ಕಡೆ ತಿರುಗಿಸಲಿಲ್ಲ, ಹಾಗೇ ಬಾಗಿಲು ದಾಟಿ ಹೋದಳು.

ಸಣ್ಣ ಯಜಮಾನ ಹತ್ತಿರ ಬಂದು ಬಗ್ಗಿದ. ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದಲೇ ಹೇಳಬಾರದಿತ್ತಾ? ನಾಳೆಯಿಂದ ಕೆಳಗೇ ಇರಿ. ಒಳ್ಳೇ ಕುರ್ಚಿ ಹಾಕಿಸ್ತೀನಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಂಡಿಯಣ್ಣನಿಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಯಾರೋ ಹೊಸ ಗಿರಾಕಿ ಬೆಂಚಿನ ಮೇಲೆ ಕೂತು, ನೆಲದ ಮೇಲಿದ್ದ ಇವನನ್ನು ಕಂಡು, ಕಾಲು ಮುಂದೆ ಚಾಚಿದ. ಮಂಡಿಯಣ್ಣ ಎರಡೂ ಕೈ ನೀಡಿದ.

"ಬಿಡಿ ಅಣ್ಣ," ಎಂದ ಸಣ್ಣ ಯಜಮಾನ ಮೆಲ್ಲಗೆ, "ಅವರೇ ಹಾಕ್ಕೊಳ್ತಾರೆ."