ಒಗ್ಗರಣೆಗೆ ಮೊದಲು ಎತ್ತಿಟ್ಟ ಅನ್ನ

ಎಣ್ಣೆಯಲ್ಲಿ ಸಾಸಿವೆ ಸಿಡಿದರೆ ನಿಮಗೆ ಹಸಿವಾಗಬಹುದು. ನನ್ನ ಕಿವಿ ಮಾತ್ರ ಅಡುಗೆಮನೆಯ ಬಾಗಿಲಿನತ್ತ ಹೋಗುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಹೆಂಡತಿ ವಿಮಲಾ ಮೊಸರನ್ನಕ್ಕೆ ಒಗ್ಗರಣೆ ಮಾಡುತ್ತಿದ್ದಳು. ಮರದ ನೆಲದ ಮೇಲೆ ಉಗುರು ಟಕಟಕ ಅನ್ನಿಸುತ್ತ ಯಾರೂ ಓಡಿಬರಲಿಲ್ಲ.

ಬರಬೇಕಾಗಿದ್ದವನು ಬೋಂಡ. ಮಗಳು ಅನಘಾ ಹೈಸ್ಕೂಲಿನಲ್ಲಿದ್ದಾಗ ಹಠ ಹಿಡಿದು ಹಾಫ್‌ಮನ್ ಎಸ್ಟೇಟ್ಸ್‌ನ ನಮ್ಮ ಮನೆಗೆ ತಂದ ನಾಯಿ. ಕಂದು ಬಣ್ಣ, ದುಂಡು ಮೈ. ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ನಾಯಿ ಅಡುಗೆಮನೆಗೆ ಕಾಲಿಡಬಾರದು ಎಂದು ಮೊದಲ ದಿನ ವಿಮಲಾ ಕಟ್ಟುಮಾಡಿದಳು. ವಾರ ಕಳೆಯುವಷ್ಟರಲ್ಲಿ ಉಪ್ಪು, ಒಗ್ಗರಣೆ ಹಾಕುವ ಮೊದಲೇ ಒಂದು ಹಿಡಿ ಮೊಸರನ್ನವನ್ನು ಅವಳೇ ಅವನಿಗೆ ಎತ್ತಿಡತೊಡಗಿದ್ದಳು. ಅದನ್ನು ಕ್ಷಣದಲ್ಲಿ ಮುಗಿಸಿ ಬೋಂಡ ನಮ್ಮ ತಟ್ಟೆಗಳನ್ನೇ ನೋಡುತ್ತ ಕೂರುತ್ತಿದ್ದ. "ಒಗ್ಗರಣೆ ತಿಂದ್ರೆ ಹೊಟ್ಟೆ ಕೆಡುತ್ತೆ ಕಣೋ," ಎಂದು ಅವಳು ಅವನಿಗೆ ದಿನವೂ ತಿಳಿಹೇಳುತ್ತಿದ್ದಳು.

ಈ ದೇಶಕ್ಕೆ ಬರುವ ಮೊದಲು ನಾನು ಮೈಸೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದವನು. ದಿನಭವಿಷ್ಯ ಬರುವುದು ತಡವಾದಾಗ ಹಳೆಯದನ್ನೇ ರಾಶಿ ಅದಲುಬದಲು ಮಾಡಿ ಅಚ್ಚಿಗೆ ಕಳಿಸಿದ್ದುಂಟು. ಯಾವ ಓದುಗರೂ ದೂರಲಿಲ್ಲ. ಹಾಗಾಗಿ ವಿಮಲಾ ಪಂಚಾಂಗ ತೆರೆದಾಗಲೆಲ್ಲ ನನಗೆ ನಗು.

ಹೋದ ವರ್ಷ ಎಲೆ ಉದುರುವ ಹೊತ್ತಿಗೆ ಬೋಂಡನ ಹೊಟ್ಟೆಯಲ್ಲಿ ಗಡ್ಡೆಯೊಂದು ಬೆಳೆದಿತ್ತು. ಒಂದು ಗುರುವಾರ ಅವನನ್ನು ಪರೀಕ್ಷಿಸಿದ ಡಾಕ್ಟರು, ಇನ್ನು ಔಷಧಿಯಿಂದ ಪ್ರಯೋಜನವಿಲ್ಲ ಎಂದರು. ಊಟದ ಆಸೆ ಉಳಿದಿರುವಾಗಲೇ ಕಳಿಸಿಕೊಡುವುದು ಒಳ್ಳೆಯದು, ನಾಳೆ ಮನೆಗೇ ಬಂದು ಇಂಜೆಕ್ಷನ್ ಕೊಡುತ್ತೇನೆ ಎಂದರು.

ಮನೆಗೆ ಬಂದವಳೇ ವಿಮಲಾ ಫೋನಿನಲ್ಲಿ ಪಂಚಾಂಗ ತೆರೆದಳು. "ಶುಕ್ರವಾರ ಮನೆಯಿಂದ ಕಳಿಸೋದಾ? ಬೇಡಪ್ಪ. ಶನಿವಾರ ಆಗಲ್ಲ. ಭಾನುವಾರ ಅಮಾವಾಸ್ಯೆ. ಸೋಮವಾರ ಪಾಡ್ಯ. ಮಂಗಳವಾರ ಅಂತೂ ಬೇಡವೇ ಬೇಡ."

ಉಳಿದದ್ದು ಬುಧವಾರ. ನಾನು ನಗಲಿಲ್ಲ. ಕ್ಲಿನಿಕ್‌ಗೆ ಫೋನ್ ಮಾಡಿ ಬುಧವಾರ ಎಂದವನು ನಾನೇ. ಇನ್ನಷ್ಟು ದಿನ ಸಿಕ್ಕಿತಲ್ಲ ಎಂದು ಒಳಗೊಳಗೇ ಹಗುರಾದೆ.

ಶನಿವಾರ ಅನಘಾ ತಾನಿರುವ ಆನ್ ಆರ್ಬರ್‌ನಿಂದ ಡ್ರೈವ್ ಮಾಡಿಕೊಂಡು ಬಂದಳು. ಅಷ್ಟರಲ್ಲಿ ಬೋಂಡ ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಉಸಿರಿನ ಜೊತೆ ಸಣ್ಣ ನರಳಿಕೆ. ಅವಳು ನೆಲದ ಮೇಲೆ ಅವನ ಪಕ್ಕದಲ್ಲೇ ಕುಳಿತು ಹೇಳಿದಳು:

"ಅಪ್ಪಾ, ಹಿ ಡಸಂಟ್ ನೋ ಇಟ್ಸ್ ಅಮಾವಾಸ್ಯೆ."

"ನಿಮ್ಮಮ್ಮನಿಗೆ ಹೇಳು."

"ಐ ಆಮ್ ಟೆಲ್ಲಿಂಗ್ ಯೂ."

ನಾನು ಕಿಟಕಿಯ ಹೊರಗೆ ನೋಡಿದೆ. ಪಕ್ಕದ ಮನೆಯವರು ಎಲೆ ಗುಡಿಸುತ್ತಿದ್ದರು.

ಬುಧವಾರ ವಿಮಲಾ ತನ್ನ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಮೊಸರನ್ನ ಕಲಸಿ, ಉಪ್ಪು ಹಾಕಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯನ್ನೂ ಹಾಕಿ ಬಟ್ಟಲನ್ನು ಅವನ ಮುಂದಿಟ್ಟಳು. "ಇವತ್ತಾದ್ರೂ ತಿನ್ನು. ಇನ್ಯಾವ ಹೊಟ್ಟೆ ಕೆಡಬೇಕು."

ಬೋಂಡ ಬಹಳ ಹೊತ್ತು ಮೂಸಿದ. ಬಾಯಿ ತೆರೆಯಲಿಲ್ಲ. ವಿಮಲಾ ಒಂದೆರಡು ಅಗುಳನ್ನು ತುಟಿಗೆ ತಾಗಿಸಿದಳು. ಅವು ಅಲ್ಲೇ ಅಂಟಿಕೊಂಡವು. ಡಾಕ್ಟರು ಬಂದರು. ಅನಘಾಳ ತೊಡೆಯ ಮೇಲೆ ತಲೆಯಿಟ್ಟು ಅವನು ಹೋದ. ಅಗುಳು ಆಗಲೂ ಅಲ್ಲೇ ಇದ್ದವು.

ಡಾಕ್ಟರು ಪರೀಕ್ಷಿಸಿದ ಆ ಗುರುವಾರ ಅವನು ಬಟ್ಟಲು ನೆಕ್ಕಿದ್ದ. ಶುಕ್ರವಾರವೂ ಒಂದು ತುತ್ತು ತಿಂದಿದ್ದ. ಆ ತುತ್ತಿಗೆ ಒಗ್ಗರಣೆ ಇರಲಿಲ್ಲ.

ಇವತ್ತು ಒಲೆಯ ಪಕ್ಕದಲ್ಲಿ ಒಂದು ಪುಟ್ಟ ಬಟ್ಟಲಿತ್ತು. ವಿಮಲಾಳ ಕೈ ರೂಢಿಯಂತೆ ಒಂದು ಹಿಡಿ ಎತ್ತಿಟ್ಟಿತ್ತು. ನಾನು ಅದನ್ನೇ ನೋಡುತ್ತಿರುವುದು ಅವಳಿಗೆ ಕಂಡಿತು.

"ಅವತ್ತು ಪಂಚಾಂಗ ತೆಗೆದಾಗ ನೀವು ನಗ್ತೀರಿ ಅಂತ ಕಾದೆ," ಎಂದಳು ಒಲೆ ಆರಿಸುತ್ತ. "ಯಾವಾಗ್ಲೂ ನಗ್ತಿದ್ರಲ್ಲ. ಅವತ್ತೂ ನಕ್ಕಿದ್ರೆ ಫೋನ್ ಎತ್ತಿಟ್ಟುಬಿಡ್ತಿದ್ದೆ."

ಬಟ್ಟಲನ್ನು ಎತ್ತಿಕೊಂಡು ನಿಂತಲ್ಲೇ ತಿನ್ನತೊಡಗಿದೆ.

"ಒಂಚೂರು ಉಪ್ಪು, ಒಗ್ಗರಣೆ ಹಾಕ್ಲಾ?"

"ಬೇಡ. ಹೀಗೇ ಇರಲಿ," ಎಂದೆ.