ಮಾದರಪಾಟಿನ ಪರದೆ

ಹೊಸ ಹತ್ತಿ ಬಟ್ಟೆಗೆ ಒಂದು ವಾಸನೆ ಇರುತ್ತದೆ. ಇನ್ನೂ ನೀರು ಕಾಣದ ಬಟ್ಟೆಯ ಗಂಜಿ ವಾಸನೆ. ಮೊನ್ನೆ ಸಿಂಧನೂರಿನಲ್ಲಿ ಮೊಮ್ಮಗಳು ಸುಮಾ ತನ್ನ ಹೊಸ ಮನೆಯ ಪಡಸಾಲೆಯಲ್ಲಿ ನನ್ನನ್ನು ಕೂರಿಸಿ, ತೊಡೆಯ ಮೇಲೆ ಪರದೆ ಬಟ್ಟೆಯ ತುಂಡುಗಳನ್ನು ಹರವಿದಳು. ಹಸಿರು, ಬೂದು, ಹೂವಿನದು, ಕೊನೆಗೊಂದು ಬಿಳಿಯದು. ನಾನು ಆ ಬಿಳಿಯದನ್ನು ಎತ್ತಿ ಮೂಗಿಗೆ ಹಿಡಿದೆ.

"ಅಜ್ಜಿ, ಅದು ಮೂಸೂದಲ್ಲ, ನೋಡೂದು," ಅಂತ ನಕ್ಕಳು. "ಇಷ್ಟು ಬೆಳಕು ಬರೂ ಮನಿಗೆ ಸಾದಾ ಬಟ್ಟಿನೇ ಚಂದ ಕಾಣ್ತತಿ. ನೀ ಯಾವುದು ಅಂತಿ?"

ನಾನು ಆ ತುಂಡನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡೆ. ನಾಲ್ಕು ಜನ ಕೇಳಿದಾಗ ಉತ್ತರ ಕೊಡುವ ಅಭ್ಯಾಸ ನನಗಿಲ್ಲ, ಒಬ್ಬಳೇ ಕೇಳಿದರೂ ತಡವಾಗುತ್ತದೆ. ನೀವೆಲ್ಲ ಇದನ್ನು ಬಲ್ಲಿರಿ. 'ಅಜ್ಜಿಗೆ ಇವತ್ತು ಕೇಳಿದರೆ ನಾಡಿದ್ದು ಹೇಳ್ತಾಳ' ಅಂತ ನೀವು ಆಡಿಕೊಳ್ಳುವುದೂ ನನ್ನ ಕಿವಿಗೆ ಬಿದ್ದಿದೆ. ಪರದೆಯ ಬಗ್ಗೆ ಮಾತ್ರ ನಾನು ತಡ ಮಾಡಿದ್ದಕ್ಕೆ ಬೇರೆ ಕಾರಣ ಇತ್ತು. ಮಾತಿನಲ್ಲಿ ಹೇಳಲು ಬಾರದ್ದನ್ನು ಬರೆದಿಡುತ್ತೇನೆ, ಓದಿಕೊಳ್ಳಿ.

ನಿಮಗೆ ಕತ್ತಲೆ ಮನೆ ಗೊತ್ತಿಲ್ಲ. ನನ್ನ ತವರು ಪಾಮನಕಲ್ಲೂರಿನ ಮಣ್ಣಿನ ಮಾಳಿಗೆ ಮನೆಗೆ ಕಿಟಕಿಯೇ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಬಿಸಿಲು ಅದರಿಂದ ಇಳಿದು, ನೆಲದ ಮೇಲೆ ರೊಟ್ಟಿಯಷ್ಟಗಲ ಬಿದ್ದು, ಮಧ್ಯಾಹ್ನದ ಹೊತ್ತಿಗೆ ಗೋಡೆ ಹತ್ತಿ ಹೋಗುತ್ತಿತ್ತು. ನಾನು ಆ ಬೆಳಕನ್ನು ಹಿಂಬಾಲಿಸಿಕೊಂಡು ಪುಸ್ತಕ ಸರಿಸುತ್ತಿದ್ದೆ. ಊರ ಮಠದಲ್ಲಿ ಅಯ್ಯನವರು ಹುಡುಗರಿಗೆ ಅಕ್ಷರ ಕಲಿಸುತ್ತಿದ್ದರು. ಹಲಗೆಯ ಮೇಲೆ ಉಸುಕು ಹರವಿ, ನಮ್ಮ ತೋರುಬೆರಳನ್ನು ತಮ್ಮ ಕೈಯಲ್ಲಿ ಹಿಡಿದು ತೀಡಿಸುವರು. ತಪ್ಪಿದರೆ ಎರಡೂ ಕಿವಿ ಹಿಡಿದು ಬಸ್ಕಿ, ಮತ್ತೂ ತಪ್ಪಿದರೆ ಹಗ್ಗಕ್ಕೆ ಜೋತುಬೀಳಿಸುವ ಕೋದಂಡ. ಹೆಣ್ಣುಮಕ್ಕಳಲ್ಲಿ ನಾನೊಬ್ಬಳೇ ಇದ್ದೆ, ಅದೂ ಅಪ್ಪನ ಹಟದಿಂದ. ನಾಲ್ಕನೆಯ ಪುಸ್ತಕ ಮುಗಿಸಿದೆ. ಒತ್ತಕ್ಷರದಲ್ಲಿ ನನ್ನನ್ನು ಯಾರೂ ತಪ್ಪಿಸುವ ಹಾಗಿರಲಿಲ್ಲ. ಇಷ್ಟು ಜಂಬ ಕೊಚ್ಚಿಕೊಳ್ಳಲು ಅಪ್ಪಣೆ ಕೊಡಿ, ನನ್ನ ಜಂಬದ ಗಂಟಿನಲ್ಲಿ ಬೇರೇನೂ ಇಲ್ಲ.

ಮದುವೆಯಾಗಿ ಲಿಂಗಸುಗೂರಿಗೆ ಬಂದೆ. ನಿಜಾಮನ ರಾಜ್ಯ ಹೋಗಿ ಕೆಲವು ವರ್ಷವಾಗಿತ್ತು. ಮಾವ ಸುಣ್ಣ, ಕಲ್ಲು ಗಾಡಿಯಲ್ಲಿ ಹೊಡೆಸುವ ಗುತ್ತಿಗೆದಾರರು. ಕಾಲುವೆ ಕೆಲಸ ನಡೆದ ಕಡೆಗೆ ಹೋಗಿ ಬರುತ್ತಿದ್ದರು. ಅಲ್ಲಿ ಎಂಜಿನಿಯರ ಸಾಹೇಬರ ಬಂಗಲೆ ಕಂಡು ಅವರಿಗೆ ಹುಚ್ಚು ಹಿಡಿಯಿತು. ಬಂದವರೇ ಬೀದಿ ಕಡೆಯ ಹಳೇ ಗೋಡೆ ಕೆಡವಿಸಿ ದೊಡ್ಡ ಪಡಸಾಲೆ ಕಟ್ಟಿಸಿದರು. ಬೀದಿಗೆ ಮುಖ ಮಾಡಿ ಎರಡು ಕಿಟಕಿ, ಒಂದೊಂದೂ ಬಾಗಿಲಿನಷ್ಟು. ಓಣಿಯ ಜನ ಬಂದು ನೋಡಿ ಹೋದರು. ಕಟ್ಟಿ ಮುಗಿದ ಮೇಲೆ ಗೊತ್ತಾದದ್ದು ಏನೆಂದರೆ, ಅಷ್ಟು ಬೆಳಕಿನ ಪಡಸಾಲೆಗೆ ಮನೆಯ ಹೆಂಗಸರು ಕಾಲಿಡುವ ಹಾಗಿಲ್ಲ. ಎದುರಿಗೇ ಬಸಣ್ಣನ ಮನೆ, ಆ ಮನೆಯ ಮುಂದೆ ಕಟ್ಟೆ, ಕಟ್ಟೆಯ ತುಂಬ ಗಂಡಸರು.

"ಕಿಟಕಿಗೆ ಜಮಖಾನ ಹೊಡಿರಿ," ಅಂದರು ಅತ್ತೆ.

"ಬೆಳಕಿಗಂತ ಕಿಟಕಿ ಇಡಿಸೀನಿ, ಜಮಖಾನ ಹೊಡ್ಯಾಕ ಗ್ವಾಡಿ ಏನು ಕಡಿಮಿ ಇದ್ವು?" ಅಂದರು ಮಾವ.

ಹದಿನೈದು ದಿನ ಇದೇ ಜಗಳ. ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತು ನಾನು ಮೆಲ್ಲಗೆ, "ತೆಳ್ಳನ ಬಿಳಿ ಬಟ್ಟಿ ಹಾಕಿದ್ರ ಬೆಳಕೂ ಬರ್ತತಿ, ಮಂದಿಗೂ ಕಾಣಂಗಿಲ್ಲ," ಅಂದೆ. ಆ ಮನೆಯಲ್ಲಿ ಕೇಳದೆ ಆಡಿದ ನನ್ನ ಮೊದಲ ಮಾತು ಅದು. ಅತ್ತೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮಾವ ಮಾತ್ರ "ಕೂಸಿಗೆ ಬುದ್ಧಿ ಐತಿ" ಅಂದು, ಮಸ್ಕಿ ಸಂತೆಗೆ ಹೋದಾಗ ಮಾದರಪಾಟು ತಂದರು. ನಮ್ಮ ಕಡೆ ಅಂಗಿಗೆ, ಒಳಉಡುಪಿಗೆ ಬಳಸುವ ಬಿಳಿಯ ತೆಳು ಹತ್ತಿ ಬಟ್ಟೆ. ನಾನೇ ಅಂಚು ಹೊಲಿದೆ. ಹೊಲಿಯುವಾಗ ಕೈಗೆಲ್ಲ ಆ ಗಂಜಿಯ ವಾಸನೆ.

ಹಾಕಿದ ದಿನ ಅತ್ತೆ ಪರೀಕ್ಷೆ ನಡೆಸಿದರು. ನೆತ್ತಿಯ ಮೇಲೆ ಸುಡುಬಿಸಿಲು. ನನ್ನನ್ನು ಒಳಗೆ ನಿಲ್ಲಿಸಿ, ತಾವು ಸೆರಗು ಹೊದ್ದು ಬೀದಿಯಲ್ಲಿ ನಿಂತು ಕೂಗಿದರು: "ಏ ಹುಡುಗಿ, ಕೈ ಆಡ್ಸು! ಆಡ್ಸಿದೇನು?"

"ಆಡ್ಸಾಕತ್ತೀನ್ರಿ ಅತ್ತಿ!"

"ಸುಳ್ಳು ಹೇಳಬ್ಯಾಡ, ಏನೂ ಕಾಣಂಗಿಲ್ಲ!"

ನಾನು ಎರಡೂ ಕೈ ಬೀಸಿದೆ, ನಾಲಿಗೆ ಚಾಚಿದೆ, ಕುಣಿದೂ ಕುಣಿದೆ. ನನಗೆ ಇಡೀ ಬೀದಿ ಮಂಜಿನೊಳಗಿನ ಹಾಗೆ ಕಾಣುತ್ತಿತ್ತು, ಬೀದಿಗೆ ನಾನು ಇರಲೇ ಇಲ್ಲ. ಅತ್ತೆ ತೃಪ್ತಿಯಿಂದ ಒಳಗೆ ಬಂದರು. ನಮ್ಮ ಬುದ್ಧಿವಂತಿಕೆ ಅಷ್ಟಕ್ಕೇ ನಿಂತಿತು. ದೀಪ ಹಚ್ಚಿದ ಮೇಲೆ ಇನ್ನೊಂದು ಸಲ ಹೊರಗಿನಿಂದ ನೋಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಕಿಟಕಿಯೇ ಇಲ್ಲದ ಮನೆಗಳಲ್ಲಿ ಬೆಳೆದವರಿಗೆ ಹೇಗೆ ಹೊಳೆದೀತು?

ಇನ್ನು ನಿಮ್ಮ ತಾತನ ಮಾತು. ಅವರು ಓದಿದ್ದೆಲ್ಲ ಉರ್ದುವಿನಲ್ಲಿ. ಅಕ್ಷರ ಎಷ್ಟು ಚಂದವೆಂದರೆ, ಮುತ್ತು ಉರುಳಿಸಿದ ಹಾಗೆ ಅಂತ ಓಣಿಯ ಸಾಹೇಬರೇ ಹೊಗಳುತ್ತಿದ್ದರು. ಅದರ ಮೇಲೆಯೇ ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲಿ ಆಡುವುದು ಕನ್ನಡ, ಆದರೆ ಕನ್ನಡದ ಒಂದು ಅಕ್ಷರ ಓದಲು ಬರುತ್ತಿರಲಿಲ್ಲ. ಆಗ ಕನ್ನಡ ಸೀಮೆಯೆಲ್ಲ ಒಂದಾಗುತ್ತದೆ, ಮುಂದೆ ಕಚೇರಿಯ ಕಾಗದವೆಲ್ಲ ಕನ್ನಡದಲ್ಲೇ ಅನ್ನುವ ಸುದ್ದಿ ಎದ್ದಿತ್ತು. ಕನ್ನಡ ಬಾರದ ಗುಮಾಸ್ತನ ಗತಿ ಏನು? ಅವರು ಊಟ ಬಿಟ್ಟರು, ಮಾತು ಬಿಟ್ಟರು. ಒಂದು ದಿನ ನನ್ನ ಟ್ರಂಕಿನಲ್ಲಿದ್ದ ನಾಲ್ಕನೆಯ ಪುಸ್ತಕ ಅವರ ಕಣ್ಣಿಗೆ ಬಿತ್ತು.

"ಇದು ಯಾರದು?"

"ನಂದ್ರಿ."

"ನಿನಗ ಓದಾಕ ಬರ್ತತೇನು?"

ನಾನು ನೆಲ ನೋಡುತ್ತ ಒಂದು ಪಾಠವನ್ನು ಗಡಗಡನೆ ಓದಿಬಿಟ್ಟೆ. ಅವರು ಪುಸ್ತಕ ಕೈಗೆ ತೆಗೆದುಕೊಂಡು ಹಾಳೆ ತಿರುವಿ, "ನನಗ ಕಲಿಸ್ತಿ?" ಅಂದರು. ಬೇರೆಯವರ ಹತ್ತಿರ ಹೋಗಲು ಅವರಿಗೆ ನಾಚಿಕೆ. ಆ ನಾಚಿಕೆಯಲ್ಲಿ ನಾವಿಬ್ಬರೂ ಒಂದೇ ಜಾತಿ.

ಸಂಜೆ ಅತ್ತೆ ಮಠಕ್ಕೆ, ಮಾವ ಬಜಾರಕ್ಕೆ ಹೋದ ಹೊತ್ತು ನಮ್ಮ ಶಾಲೆ. ಒಳಕೋಣೆಯ ಚಿಮಣಿ ಬೆಳಕಿನಲ್ಲಿ ಏನೂ ಕಾಣುತ್ತಿರಲಿಲ್ಲ, ಪಡಸಾಲೆಯ ಕಂದೀಲೊಂದೇ ಗತಿ. ಆ ಕಂದೀಲಿಗೆ ಜಾಗ ಗೊತ್ತುಮಾಡಿತ್ತು: ಕಿಟಕಿಗೆ ಎದುರಾದ ಒಳಗೋಡೆಯ ಗೂಡು. ಸಂಜೆ ವಿಭೂತಿ ಹಚ್ಚಿ ಕೈಮುಗಿದು ಇಟ್ಟ ದೀಪವನ್ನು ಊಟವಾಗುವವರೆಗೆ ಆ ಗೂಡಿನಿಂದ ಅಲುಗಿಸಬಾರದು, ಅದು ಆ ಮನೆಯ ಪದ್ಧತಿ. ಹಾಗಾಗಿ ದೀಪ ಬೆನ್ನಿಗೆ, ಬಿಳಿ ಪರದೆ ಮುಂದೆ, ನಡುವೆ ನಾವು.

ನನಗೆ ಗೊತ್ತಿದ್ದದ್ದು ಅಯ್ಯನವರ ಕ್ರಮವೊಂದೇ. ಹಲಗೆಯ ಮೇಲೆ ಉಸುಕು ಹರವಿದೆ. ಅವರು ನೆಲದ ಮೇಲೆ, ನಾನು ಎತ್ತರದ ಮಣೆಯ ಮೇಲೆ. ಅವರ ಬೆರಳು ಉರ್ದುವಿನ ಹಾಗೆ ಬಲಗಡೆಯಿಂದಲೇ ಓಡುತ್ತಿತ್ತು, ಹಿಡಿದು ಎಡಕ್ಕೆ ತರುವುದೇ ಒಂದು ಕೆಲಸ. "ನಿಮ್ಮ ಅಕ್ಷರಕ್ಕ ಕೆಳಗ ಬಾಲ ಯಾಕ?" ಅಂತ ಒತ್ತಕ್ಷರ ಕಂಡಾಗಲೆಲ್ಲ ಸಿಡುಕುವರು. ನನ್ನನ್ನು 'ಉಸ್ತಾನಿ' ಅನ್ನುತ್ತಿದ್ದರು, ಉರ್ದುವಿನಲ್ಲಿ ಕಲಿಸುವವಳು ಎಂದು. ಬೇರೆ ಹೊತ್ತಿನಲ್ಲಿ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಕಾಲವಲ್ಲ ಅದು.

ಒಂದು ಸಂಜೆ 'ಅಪ್ಪ' ಅಂತ ಬರೆಯಿರಿ ಅಂದರೆ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡಿದರು. "ನಮ್ಮ ಅಯ್ಯನೋರು ಇದ್ದಿದ್ರ ಕಿವಿ ಹಿಡಿಸಿ ಬಸ್ಕಿ ಹಾಕಿಸ್ತಿದ್ರು ನೋಡ್ರಿ," ಅಂದೆ. ನನ್ನ ಬಾಯಿಂದ ಹೇಗೆ ಬಂತೋ. ಅವರು ಎದ್ದು ನಿಂತು, "ಹೌದೇನು ಉಸ್ತಾನಿ?" ಅಂತ ಎರಡೂ ಕಿವಿ ಹಿಡಿದು, ಮೂತಿ ಸೊಟ್ಟ ಮಾಡಿ, ಬಸ್ಕಿ ಹೊಡೆಯಲು ಶುರು ಮಾಡಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಮಕ್ಕಳೇ, ನಿಮ್ಮ ತಾತ ಆಟವಾಡಿದ್ದನ್ನು ನೀವ್ಯಾರೂ ಕಂಡಿಲ್ಲ. ನಾನು ಕಂಡಿದ್ದೇನೆ.

ನಾನೊಬ್ಬಳೇ ಕಂಡಿದ್ದರೆ ಆಗುತ್ತಿತ್ತು. ಮರುದಿನ ಬೆಳಿಗ್ಗೆ ಅವರು ಕಚೇರಿಗೆ ಹೊರಟಾಗ ಕಟ್ಟೆಯ ಮೇಲಿಂದ ಬಸಣ್ಣನ ದನಿ ಒಳಗಿನ ತನಕ ಕೇಳಿಸಿತು.

"ಏನಪಾ ತಮ್ಮಾ, ನಿನ್ನಿ ಬಾಯಾರು ಎಷ್ಟು ಬಸ್ಕಿ ಹಾಕಿಸಿದ್ರು?"

ಕಟ್ಟೆ ನಕ್ಕಿತು. ಬಾಯಾರು ಅಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಂಗಸು.

"ನಾವೂ ಟಿಕೀಟಿಲ್ಲದ ಬಯಲಾಟ ನೋಡಾಕತ್ತೀವಿ ದಿನಾ. ಬಾಯಾರು ಮ್ಯಾಲ, ಸಾಹೇಬ್ರು ಕೆಳಗ!"

"ಇವತ್ತು ಕೋದಂಡ ಏರಿಸ್ತಾರಂತೇನು? ಲಗೂನ ಉಂಡು ಬರ್ತೀವಿ!"

ಬೀದಿಗೆ ಏನೇನು ಕಂಡಿತ್ತು ಅಂತ ನನಗೆ ಆಗ ಹೊಳೆಯಿತು. ನಾನು ಮೇಲೆ ಕೂತದ್ದು, ಅವರ ಬೆರಳು ಹಿಡಿದದ್ದು, ಬಸ್ಕಿ, ಎಲ್ಲವೂ ಆಳೆತ್ತರದ ಕರಿ ನೆರಳಾಗಿ ಬಿಳಿ ಬಟ್ಟೆಯ ಮೇಲೆ ಬಿದ್ದಿತ್ತು. ಅಕ್ಷರವೊಂದೇ ಅವರಿಗೆ ಕಂಡಿರಲಿಲ್ಲ.

ಸಂಜೆಯ ಹೊತ್ತಿಗೆ ಮಾತು ಬಜಾರ ಮುಟ್ಟಿ ಮಾವನ ಕಿವಿಗೂ ಬಿದ್ದಿತ್ತು. "ನಮ್ಮ ಮನಿ ಗಂಡಸು ಹೆಣ್ಣಿನ ಮುಂದ ಕಿವಿ ಹಿಡ್ಕೊಂಡಾನ ಅಂತ ಊರು ಆಡ್ಕೊಳ್ಳಾಕತ್ತೈತಿ," ಅಂದರು. ಕೂಸಿಗೆ ಬುದ್ಧಿ ಐತಿ ಅಂದ ಬಾಯಿ ಅದೇ. ನಾನು ಅತ್ತೆಯ ಹಿಂದೆ ನಿಂತು, ಧೈರ್ಯ ಮಾಡಿ ಹೇಳಿದೆ: "ದೀಪ ಕಿಟಕಿ ಕಡಿ ಇಟ್ರ ನೆರಳು ಒಳಗಿನ ಗ್ವಾಡಿ ಮ್ಯಾಲ ಬೀಳ್ತತ್ರಿ. ಹೊರಗ ಏನೂ ಕಾಣಂಗಿಲ್ಲ."

"ಗೂಡಿನ ದೀಪ ಸರಸ್ತಿ?" ಅತ್ತೆ ತಿರುಗಿ ನಿಂತರು. "ನಮ್ಮತ್ತಿ ಇಟ್ಟ ಜಾಗ ಅದು. ನಿನ್ನ ಸಾಲಿ ಸಲುವಾಗಿ ನಮ್ಮ ಮನಿ ದೀಪ ಸರೀಬೇಕೇನು?"

ನಾನು ನಿಮ್ಮ ತಾತನ ಮುಖ ನೋಡಿದೆ. ಅವರು ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ಅಟ್ಟಕ್ಕೆ ಏಣಿ ಹಾಕಿ ಹಳೆಯ ಜಮಖಾನಗಳನ್ನು ಕೆಳಗಿಳಿಸಿದರು. ಮಾದರಪಾಟನ್ನು ಒಂದೇ ಎಳೆತಕ್ಕೆ ಹರಿದು, ಚೌಕಟ್ಟಿಗೆ ಜಮಖಾನ ಇಟ್ಟು ತಾವೇ ಮೊಳೆ ಹೊಡೆದರು. ಕಟ್ಟೆಗೆ ಕೇಳಲಿ ಅಂತಲೇ ಹೊಡೆದ ಹಾಗಿತ್ತು. ಆಮೇಲೆ ಹಲಗೆಯ ಉಸುಕನ್ನು ಅಂಗಳಕ್ಕೆ ಚೆಲ್ಲಿದರು. ಹರಿದ ಬಿಳಿ ಬಟ್ಟೆ ಅಡುಗೆ ಮನೆಯಲ್ಲಿ ಬಿಸಿ ಪಾತ್ರೆ ಇಳಿಸಲು ನನ್ನ ಕೈಗೆ ಬಂತು.

ಆ ಪಡಸಾಲೆ ಮತ್ತೆ ಬೆಳಕು ಕಾಣಲಿಲ್ಲ. ಮಧ್ಯಾಹ್ನವೂ ಕಂದೀಲು ಹಚ್ಚಿಕೊಂಡು ಹೋಗಬೇಕು. ಬಂಗಲೆ ಕಟ್ಟಿಸಿದೆ ಅಂತ ಮಾವ ಮಾತ್ರ ಹೇಳಿಕೊಳ್ಳುತ್ತಲೇ ಇದ್ದರು. ಬಸಣ್ಣ ವಾರದೊಳಗೆ ಬೇರೆ ಯಾರನ್ನೋ ಆಡಿಕೊಳ್ಳಲು ಹಿಡಿದ. ಅವನ ಮಟ್ಟಿಗೆ ಅದು ಅಷ್ಟೇ ಹೊತ್ತಿನ ತಮಾಷೆ.

ಕನ್ನಡ ನಾಡು ಒಂದಾಯಿತು. ಕಾಗದ ನಿಧಾನವಾಗಿ ಕನ್ನಡಕ್ಕೆ ತಿರುಗಿತು. ನಿಮ್ಮ ತಾತನನ್ನು ಬರೆಯುವ ಮೇಜಿನಿಂದ ಎಬ್ಬಿಸಿ ಹಳೆಯ ಉರ್ದು ಕಾಗದ ಕಟ್ಟಿಟ್ಟ ಕೋಣೆಗೆ ಕಳಿಸಿದರು. ಅಲ್ಲಿ ಕಿಟಕಿ ಇರಲಿಲ್ಲವಂತೆ. ಅವರ ಮುತ್ತಿನಂಥ ಅಕ್ಷರವನ್ನು ಯಾರೂ ಕೇಳದಾದರು. ಕೆಲಸ ಬಿಡುವವರೆಗೂ ಅಲ್ಲೇ ಇದ್ದರು.

ಅದನ್ನೂ ನುಂಗಿಕೊಂಡೆ. ನುಂಗಲಾರದ್ದು ಬೇರೆ. ನಿಮ್ಮ ಅಪ್ಪ ಎರಡನೆಯ ಇಯತ್ತೆಗೆ ಬಂದ ಮೇಲೆ ಮನೆಗೆ ಕನ್ನಡದ ಯಾವ ಕಾಗದ ಬಂದರೂ ಅವರು ಅವನನ್ನು ಕರೆಯುತ್ತಿದ್ದರು. "ಬಾ ಇಲ್ಲಿ, ಓದು." ಆ ಕೂಸು ಒತ್ತಕ್ಷರಕ್ಕೆ ಎಡವಿ ಎಡವಿ, ಬಾರದ್ದನ್ನು ಬಿಟ್ಟು, ತಪ್ಪು ತಪ್ಪು ಓದುತ್ತಿತ್ತು. ನಾನು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಿದ್ದೆ. ಅವನು ಎಡವಿದ ಪ್ರತಿ ಅಕ್ಷರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರು ನನ್ನನ್ನು ಕರೆಯಲಿಲ್ಲ. 'ಉಸ್ತಾನಿ' ಅಂತಲೂ ಇಲ್ಲ, ಏನೆಂದೂ ಇಲ್ಲ. ಸಾಯುವವರೆಗೂ ಇಲ್ಲ. ಈಗ ನಾನು ಬರೆಯುತ್ತಿರುವ ಈ ಸಾಲುಗಳನ್ನು, ಅವರು ಎದ್ದು ಬಂದರೂ, ಓದಲಾರರು.

ಮೊನ್ನೆ ಸುಮಾಗೆ ಇದೇನನ್ನೂ ಹೇಳಲಿಲ್ಲ. "ಸಂಜಿಮುಂದ ಲೈಟು ಹಚ್ಚಿ, ಈ ಬಿಳೀದನ್ನ ಕಿಟಕಿಗೆ ಹಿಡಿಸು. ಹೊರಗ ನಿಂತು ನೋಡಿ ಹೇಳ್ತೀನಿ," ಅಂದೆ. "ಅಜ್ಜಿ ಇಂಜಿನಿಯರ ಆಗ್ಯಾಳ!" ಅಂದಳು. ಆದರೂ ಸಂಜೆ ನನ್ನ ಕೈ ಹಿಡಿದು ಬೀದಿಗೆ ಕರೆದುಕೊಂಡು ಬಂದಳು.

ಒಳಗೆ ಅವಳ ಗಂಡ ಬಟ್ಟೆಯ ಮೇಲಂಚು ಸಿಕ್ಕಿಸುತ್ತಿದ್ದ. ಆಳೆತ್ತರದ ನೆರಳು. ಕೈ ಎತ್ತುವುದು, ಬಾಗುವುದು, ಜಾರಿದ ಬಟ್ಟೆಯನ್ನು ಹಿಡಿಯಲು ಕುಣಿಯುವುದು, ಎಲ್ಲ ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ನಾನು ಬೀದಿಯ ಕಡೆ ತಿರುಗಿದೆ. ಆಟೋ ಹೋಯಿತು. ಗೊರೇಬಾಳದ ಕಡೆಯಿಂದ ಹುಡುಗರು ಬೈಕಿನಲ್ಲಿ ಬಂದರು. ಎದುರು ಮನೆಯ ಮೆಟ್ಟಿಲ ಮೇಲೆ ಕೂತ ಗಂಡಸರು ತಮ್ಮ ತಮ್ಮ ಮೊಬೈಲು ನೋಡುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಸಿಟ್ಟು ಬಂತು. ಇಷ್ಟೇ ಆಗಿದ್ದರೆ, ನಾವು ಕತ್ತಲಲ್ಲಿ ಕೂತದ್ದು ಯಾರಿಗಾಗಿ?

"ಎಲ್ಲಾ ಕಾಣ್ತತಲ್ಲಜ್ಜಿ," ಅಂದಳು ಸುಮಾ. "ದಪ್ಪಂದು ತರೂಣೇನು?"

"ಬ್ಯಾಡ. ದೀಪ ಸರ್ಸು. ಕಿಟಕಿ ಕಡಿ ಇಡು."

"ದೀಪ ಹೆಂಗ ಸರ್ಸೂದಜ್ಜಿ? ಲೈಟು ಹಿಂದಿನ ಗ್ವಾಡಿಗೆ ಕೂಡ್ಸಿಬಿಟ್ಟಾರ."

ನಾನು ಮತ್ತೆ ಕಿಟಕಿ ನೋಡಿದೆ. ಬಟ್ಟೆ ಮತ್ತೆ ಜಾರಿ ಹುಡುಗನ ತಲೆಯ ಮೇಲೆ ಬಿದ್ದಿತ್ತು. ಅದರೊಳಗಿಂದಲೇ ಅವನು "ಏ ಸುಮೀ, ಸಾಕೇನ?" ಅಂತ ಕೂಗುತ್ತಿದ್ದ. ಇವಳು ಬೀದಿಯಲ್ಲಿ ನಿಂತು, ಸೆರಗನ್ನು ಬಾಯಿಗೆ ತುರುಕದೆ, ಗಟ್ಟಿಯಾಗಿ ನಗುತ್ತಿದ್ದಳು.

"ಹಂಗಾರ ಕಾಣ್ಲಿ ಬಿಡು," ಅಂದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. ಅಜ್ಜಿ ಕೇಳಿದ ಕೂಡಲೇ ಉತ್ತರ ಕೊಟ್ಟದ್ದು ಅವಳಿಗೆ ಆಶ್ಚರ್ಯ. ಎಲ್ಲಿ ಕೂಡಲೇ? ಲಿಂಗಸುಗೂರಿನ ಆ ಪಡಸಾಲೆಯಲ್ಲಿ, ಅಟ್ಟಕ್ಕೆ ಏಣಿ ಹಾಕುವ ಮೊದಲು, ನಿಮ್ಮ ತಾತ ಆಡಬೇಕಿದ್ದ ಮಾತು ಅದು.